78 ಸಾವಿರದ ಆಸೆಗೆ ಮೂರು ಕಿಲೋವ್ಯಾಟ್ ಹಾಕಸಬ್ಯಾಡ್ರಿ

"ಸೋಲಾರ್ ಹಾಕಸ್ರಿ, ಸರ್ಕಾರ 78 ಸಾವಿರ ಕೊಡ್ತದ." ಕಲಬುರಗಿ ಸೂಪರ್ ಮಾರ್ಕೆಟ್‌ನಾಗೂ ಇದೇ ಮಾತು, ಹುಮನಾಬಾದ್‌ನಾಗೂ ಇದೇ ಮಾತು, ಶಹಾಪುರದಾಗೂ ಇದೇ ಮಾತು. ಸುಳ್ಳೇನಲ್ಲ. ಆದ್ರ ಈ 78 ಅನ್ನೋ ಅಂಕಿ ನಮ್ಮ ಕಡಿ ಮಂದಿ ಲೆಕ್ಕಾನೇ ತಪ್ಪಿಸ್ಯಾದ. ಅದನ್ನ ಬಿಡಿಸಿ ನೋಡೋಣ್ರಿ.

2024ರ ಫೆಬ್ರುವರಿಯಾಗ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನಾದಾಗ ಮೊದಲಿನ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೇದಕ್ಕ 18 ಸಾವಿರ. ಕೂಡಿಸಿದ್ರ 78. ಮುಂದ ಐದು ಹಾಕಸ್ರಿ, ಹತ್ತು ಹಾಕಸ್ರಿ, ಒಂದು ರೂಪಾಯಿ ಹೆಚ್ಚು ಬರಂಗಿಲ್ಲ. ಬಜಾರ್‌ನಾಗ ಕಿಲೋವ್ಯಾಟಿಗೆ 60-70 ಸಾವಿರ ಬೀಳ್ತದ ಅಂತ ಹಿಡೀರಿ. ಎರಡರ ತನಕ ಸರ್ಕಾರ ಹತ್ರಹತ್ರ ಅರ್ಧ ಹೊರ್ತದ. ಮೂರನೇ ಕಿಲೋವ್ಯಾಟಿನ ಮುಕ್ಕಾಲು ಭಾಗ ನಿಮ್ಮ ಕಿಸೇದೇ. ಹಂಗಿದ್ರೂ ಏಜೆಂಟ್ ಮೂರೇ ಹಾಕ್ರಿ ಅಂತಾನ, ಯಾಕಂದ್ರ "ಪೂರ್ತಿ ಸಬ್ಸಿಡಿ" ಅನ್ನೋ ಮಾತು ಮಾರೋದು ಸಸಾರ.

ನಿಮಗ ಎಷ್ಟು ಬೇಕು ಅಂತ ಹೇಳೋದು ಸಬ್ಸಿಡಿ ಅಲ್ಲ, ನಿಮ್ಮ ಹಳೇ ಬಿಲ್ಲು. ಒಂದು ವರ್ಷದ 12 ಬಿಲ್ ಮುಂದ ಇಟ್ಕೊಳ್ರಿ. ಮೇ ತಿಂಗಳ ಕೂಲರ್ ಬಿಲ್ ಒಂದನ್ನೇ ನೋಡಿ ನಿರ್ಧಾರ ಮಾಡಬ್ಯಾಡ್ರಿ. ಒಂದು ಕಿಲೋವ್ಯಾಟು ವರ್ಷದ ಸರಾಸರಿಯಾಗ ದಿನಕ್ಕ 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡ್ತದ. ಮನೀದು 240 ಇದ್ರ ಎರಡು ಸಾಕು. ಹೆಚ್ಚಾದ ಕರೆಂಟ್ ನಮ್ಮ ಕಡಿ ಕರೆಂಟ್ ಕಂಪನಿ ಜೆಸ್ಕಾಂ ಲೈನಿಗೆ ಹೋಗ್ತದ, ರೊಕ್ಕಾನೂ ಬರ್ತದ, ಆದ್ರ ನೀವು ಕೊಳ್ಳೋ ದರಕ್ಕಲ್ಲ. ಸಬ್ಸಿಡಿ ತಗೊಂಡ ಮನಿಗೆ ಆ ದರ ಇನ್ನೂ ಕಡಿಮಿ. ಕರೆಂಟ್ ಮಾರಿ ಗಳಸ್ತೀನಿ ಅನ್ನೋ ಕನಸು ಬಿಟ್ಟುಬಿಡ್ರಿ.

ಇನ್ನೊಂದು ಮಾತು ಯಾರೂ ಹೇಳಂಗಿಲ್ಲ. ನಿಮ್ಮ ಮಂಜೂರಾದ ಲೋಡ್, ಅಂದ್ರ ಒಮ್ಮೆಗೆ ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ, ಒಂದು ಕಿಲೋವ್ಯಾಟ್ ಇದ್ದು, ನೀವು ಮೂರರ ಸೋಲಾರ್ ಹಾಕಿಸಿದ್ರ ಲೋಡ್ ಏರಸ್ತಾರ. ನಿಗದಿತ ಶುಲ್ಕ ಲೋಡಿನ ಮ್ಯಾಲ, ಕಿಲೋವ್ಯಾಟಿಗೆ ತಿಂಗಳಿಗೆ ನೂರರ ಮ್ಯಾಲ ಅದ. ಒಂದು ಯೂನಿಟ್ ಬಳಸದಿದ್ರೂ ಅದನ್ನ ಕಟ್ಟಬೇಕು.

ಈಗ ಗೃಹಜ್ಯೋತಿಗೆ ಬರೋಣ. 2023ರಿಂದ ನಮ್ಮ ರಾಜ್ಯದಾಗ ಹಳೇ ಸರಾಸರಿ ಮ್ಯಾಲ ಇನ್ನಷ್ಟು ಸೇರಿಸಿ, 200 ಯೂನಿಟ್ ಮಿತಿಯೊಳಗ ಬಿಲ್ ಮಾಫ್. ಎರಡು ಫ್ಯಾನ್, ಒಂದು ಫ್ರಿಜ್, ಟಿವಿ, ತಿಂಗಳಿಗೆ 150 ಯೂನಿಟ್ ಸುಡೋ ಬೀದರ್‌ನ ಒಂದು ಮನಿಗೆ ಬಿಲ್ಲೇ ಸೊನ್ನೆ. ಅವರು ಸೋಲಾರ್ ಯಾಕ ಹಾಕಸ್ತಾರ? ಹಾಕಿಸಬಾರದು ಅಂತಾನೇ ನಾನೂ ಹೇಳ್ತೀನಿ. 200 ದಾಟಿ ಪೂರ್ತಿ ಬಿಲ್ ಕಟ್ಟೋ ಮನಿ, ಎಸಿ ಇರೋ ಮನಿ, ಬೋರ್ ಮೋಟಾರ್ ಓಡಸೋ ಎರಡಂತಸ್ತಿನ ಮನಿ, ಇವಕ್ಕ ಖರೇ ಲಾಭ ಅದ. ಅಂದ್ರ ಕೇಂದ್ರದ 78 ಸಾವಿರ ನಮ್ಮ ಜಿಲ್ಲಾದಾಗ ಹೋಗೋದು ಇದ್ದೋರ ಮಾಳಗಿಗೆ.

ನನ್ನ ತಕರಾರು ಇಲ್ಲೇ ಇರೋದು. 150 ಯೂನಿಟ್‌ಗೆ ಆರಾರು ರೂಪಾಯಿ ಹಿಡದ್ರ ಒಂದು ಮನಿ ಸಲುವಾಗಿ ರಾಜ್ಯ ತಿಂಗಳಿಗೆ 900, ವರ್ಷಕ್ಕ 10,800 ಕೊಡ್ತದ, ಮುಂದಿನ ವರ್ಷಾನೂ ಕೊಡ್ತದ, ಅದರ ಮುಂದಿನ ವರ್ಷಾನೂ. ಅದೇ ಮನಿ ಮ್ಯಾಲ ಎರಡು ಕಿಲೋವ್ಯಾಟ್ ಹಾಕಿದ್ರ ಖರ್ಚು 1 ಲಕ್ಷ 30 ಸಾವಿರದ ಸುತ್ತ, ಕೇಂದ್ರದ 60 ಸಾವಿರ ಕಳದ್ರ ಉಳಿಯೋದು 70 ಸಾವಿರ. ಆರೂವರಿ ವರ್ಷದ ಗೃಹಜ್ಯೋತಿ ರೊಕ್ಕ ಅಷ್ಟೇ. ಪ್ಯಾನಲ್‌ಗೆ ಕಂಪನಿಗಳು ಕೊಡೋ ವಾರಂಟಿ 25 ವರ್ಷ. ಈ 70 ಸಾವಿರ ರಾಜ್ಯಾನೇ ಒಮ್ಮೆ ಹಾಕಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೇ ಕಲಬುರಗಿಯಾಗ ಕುಂತದ, ಬಿಸಲೂ ಇಲ್ಲೇ ಅದ. ಒಂದೊಂದು ತಾಲೂಕಿನಾಗ ನೂರು ಮನಿ ಹಿಡಿದು ಮಾಡಿ ನೋಡಲಿಕ್ಕ ಏನು ಅಡ್ಡಿ?

ಅದು ಆಗೋತನಕ, ಹಾಕಸೋರು ಮಾಳಗಿ ಕಡಿ ಲಕ್ಷ್ಯ ಕೊಡ್ರಿ. ನಮ್ಮಲ್ಲಿ ಹಳೇ ಮನಿಗಳ ಮಾಳಗಿ ಆರ್‌ಸಿಸಿ ಅಲ್ಲ. ಕಬ್ಬಿಣದ ಗರ್ಡರ್, ಅದರ ಮ್ಯಾಲ ಶಹಾಬಾದ್ ಪರ್ಸಿ, ಮ್ಯಾಲ ಗಚ್ಚು. ಡ್ರಿಲ್ ಹಿಡಕೊಂಡು ಬಂದ ಹುಡುಗರಿಗೆ ಎಲ್ಲಾ ಸ್ಲ್ಯಾಬೂ ಒಂದೇ. ಪರ್ಸಿ ಪದರು ಪದರಾಗಿರೋ ಕಲ್ಲು, ಆಂಕರ್ ಬೋಲ್ಟ್ ಬಿಗಿದ ಕೂಡಲೇ ಪದರು ಬಿಡ್ತದ, ಮಳೆಗಾಲದಾಗ ಸೋರೋದು ಅಲ್ಲಿಂದಾನೇ. ಅಂಥ ಮಾಳಗಿಯಾಗ ತೂತು ಹೊಡೀಬಾರದು. ಗ್ವಾಡಿಯಿಂದ ಗ್ವಾಡಿಗೆ ಕಬ್ಬಿಣದ ಚಾನಲ್ ಹಾಕಿ, ಅದರ ಮ್ಯಾಲ ಸ್ಟ್ರಕ್ಚರ್ ನಿಲ್ಲಿಸಬೇಕು. 540 ವ್ಯಾಟಿನ ಪ್ಯಾನಲ್ ಒಂದಕ್ಕ 28 ಕಿಲೋ ಆಸುಪಾಸು, ಮೂರು ಕಿಲೋವ್ಯಾಟಿಗೆ ಆರು ಬೇಕು. ಆದ್ರ ಹೆದರಬೇಕಾದ್ದು ತೂಕಕ್ಕಲ್ಲ. ಮೇ ತಿಂಗಳ ಬಿರುಗಾಳಿ ಪ್ಯಾನಲ್ ಕೆಳಗ ಹೊಕ್ಕು ಎತ್ತಿಬಿಡ್ತದ, ಅದಕ್ಕ ಹೆದರ್ರಿ. ಮುಖ ದಕ್ಷಿಣಕ್ಕ ಇರಲಿ, ಓರೆ 15 ಡಿಗ್ರಿ ಸುತ್ತ ಸಾಕು, ನಾವಿರೋದೇ 17 ಡಿಗ್ರಿ ಅಕ್ಷಾಂಶದ ಆಚೀಚಿ.

ಅರ್ಥಿಂಗ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳ್ತೀನಿ. ಸಿಡಿಲಿಗೆ ಒಂದು, ಪ್ಯಾನಲ್ ಕಡೀಗೆ ಒಂದು, ಮನಿಗೆ ಹೋಗೋ ಎಸಿ ಕರೆಂಟಿನ ಕಡೀಗೆ ಒಂದು, ಹಿಂಗ ಮೂರು ಬ್ಯಾರೆ ಬ್ಯಾರೆ ಗುಂಡಿ ಬೇಕು. ರೊಕ್ಕ ಉಳಿಸಲಿಕ್ಕ ಮೂರೂ ತಂತಿ ಒಂದೇ ರಾಡಿಗೆ ಸುತ್ತಿ ಹೋಗೋರು ಅದಾರ. ಮ್ಯಾಲ ನಮ್ಮದು ಎರೆಮಣ್ಣು. ಮಳೆಗಾಲದಾಗ ಅಳತಿ ಮಾಡಿದ್ರ ಚಂದ ಬರ್ತದ. ಏಪ್ರಿಲ್‌ನಾಗ ಅದೇ ಎರೆ ಅಂಗೈ ಹೊಕ್ಕೋವಷ್ಟು ಬಿರುಕು ಬಿಡ್ತದ, ರಾಡು ಮಣ್ಣು ಬಿಟ್ಟು ಗಾಳಿಯಾಗ ನಿಂತಂಗ ಆಗ್ತದ. ಅಷ್ಟರಾಗ ಗುಡುಗು-ಸಿಡಿಲಿನ ಅಡ್ಡಮಳಿ ಬರ್ತದ. ಬ್ಯಾಸಗಿಯಾಗ ವಾರಕ್ಕೊಮ್ಮೆ ಗುಂಡಿಗೆ ಒಂದು ಕೊಡ ನೀರು ಹಾಕ್ರಿ.

ಸೇಡಂ, ವಾಡಿ, ಶಹಾಬಾದ್ ಕಡಿ ಸಿಮೆಂಟ್ ಧೂಳಿಂದು ಬ್ಯಾರೇನೇ ಕಥಿ. ಚಳಿಗಾಲದ ಇಬ್ಬನಿ ಬಿದ್ದ ಮ್ಯಾಲ ಆ ಧೂಳು ಗಾಜಿನ ಮ್ಯಾಲ ಗಟ್ಟಿಯಾಗಿ ಕುಂತುಬಿಡ್ತದ, ಆಮ್ಯಾಲ ತಿಕ್ಕಿದ್ರೂ ಬಿಡಂಗಿಲ್ಲ. ಅಲ್ಲಿ ವಾರಕ್ಕೊಮ್ಮೆ, ಉಳಿದ ಕಡಿ 15 ದಿನಕ್ಕೊಮ್ಮೆ ಒರಸ್ರಿ, ಅದೂ ಮುಂಜಾನಿ ಎಳೆಬಿಸಲಿನೊಳಗ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹೊಡೆದ್ರ ಗಾಜು ಒಡೀಬಹುದು. ಬೋರಿನ ಸವಳು ನೀರು ಬ್ಯಾಡ, ಬಿಳಿ ಕಲೆ ಉಳೀತದ.

ಮೇ ತಿಂಗಳಾಗ ಕರೆಂಟ್ ಕಡಿಮಿ ಬಂತು ಅಂತ ಜಗಳಕ್ಕ ಹೋಗಬ್ಯಾಡ್ರಿ. ಪ್ಯಾನಲ್‌ಗೆ ಬೇಕಾದ್ದು ಬೆಳಕು, ಬೇಗಿ ಅಲ್ಲ. 25 ಡಿಗ್ರಿ ಮ್ಯಾಲ ಒಂದೊಂದು ಡಿಗ್ರಿಗೂ 0.35 ಪರ್ಸೆಂಟ್ ಹತ್ರ ಇಳೀತದ. ಗಾಜಿನ ಒಳಗ 65 ಡಿಗ್ರಿ ಆದ್ರ 14 ಪರ್ಸೆಂಟ್ ಹೋತು.

ಆದ್ರ ನಡು ಮಧ್ಯಾಹ್ನ ಇನ್ವರ್ಟರ್ (ಪ್ಯಾನಲ್ ಕರೆಂಟನ್ನ ಮನಿ ಕರೆಂಟ್ ಮಾಡೋ ಡಬ್ಬಿ) ಆರಿ ಆರಿ ಹತ್ತಿಕೊಂಡ್ರ ಅದಕ್ಕ ಬಿಸಲು ಕಾರಣ ಅಲ್ಲ. ಪರದಿ ಮ್ಯಾಲ ಲೈನಿನ ವೋಲ್ಟೇಜ್ ಹೆಚ್ಚು ಅಂತ ಬರ್ತದ, ಮಂದಿ ಜೆಸ್ಕಾಂನ ಬೈತಾರ. ಮೊದಲು ಇನ್ವರ್ಟರ್‌ನಿಂದ ಮೀಟರ್ ತನಕದ ವೈರ್ ನೋಡ್ರಿ. ಮೂರು ಕಿಲೋವ್ಯಾಟಿಗೆ 13 ಆಂಪಿಯರ್ ಹರೀತದ. 30 ಮೀಟರ್ ದೂರಕ್ಕ 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಎಳದಿದ್ರ ಅದರಾಗೇ ಆರು ವೋಲ್ಟ್ ಹತ್ರ ಏರ್ತದ. ಮೊದಲೇ ಏರಿರೋ ಲೈನಿಗೆ ಇದು ಕೂಡಿದ್ರ ಇನ್ವರ್ಟರ್ ನಿಂತುಬಿಡ್ತದ. 6 ಚದರ ಮಿಲಿಮೀಟರ್ ಹಾಕಿದ್ರ ಎರಡೂವರಿ ವೋಲ್ಟಿನಾಗ ಮುಗೀತದ.

ಕರೆಂಟ್ ಹೋದಾಗ ಈ ಸೋಲಾರೂ ಹೋಗ್ತದ, ಇದು ಗೊತ್ತಿರಲಿ. ಕಂಬದ ಮ್ಯಾಲ ಕೆಲಸ ಮಾಡೋ ಲೈನ್‌ಮ್ಯಾನ್‌ಗೆ ನಿಮ್ಮ ಮಾಳಗಿ ಕರೆಂಟ್ ಹೊಡೀಬಾರದು ಅಂತ ಇನ್ವರ್ಟರ್ ತಾನೇ ಬಂದ್ ಆಗ್ತದ. ಬ್ಯಾಟರಿ ಬೇಕಂದ್ರ ಹೈಬ್ರಿಡ್ ಇನ್ವರ್ಟರ್ ಹಾಕಸಬೇಕು, ಅದರ ಖರ್ಚು ಬ್ಯಾರೆ.

ಕಾಗದದ ಕೆಲಸದಾಗ ಹೆಚ್ಚು ಸಿಗಬೀಳೋದು ಹೆಸರಿಗೆ. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಇನ್ನೂ ಅಜ್ಜನ ಹೆಸರಿನಾಗ ಇರ್ತದ, ಬ್ಯಾಂಕ್ ಖಾತೆ ಮೊಮ್ಮಗಂದು. ಮೊದಲು ಸೆಕ್ಷನ್ ಆಫೀಸಿನಾಗ ಹೆಸರು ಬದಲಿಸಿ, ಆಮ್ಯಾಲ ಸೂರ್ಯ ಘರ್ ಪೋರ್ಟಲ್‌ನಾಗ ಅರ್ಜಿ ಹಾಕ್ರಿ. 10 ಕಿಲೋವ್ಯಾಟ್ ತನಕ ತಾಂತ್ರಿಕ ಪರಿಶೀಲನಾಕ್ಕ ಕಾಯೋದು ಬ್ಯಾಡ ಅಂತ ನಿಯಮಾನೇ ಅದ. ಪ್ಯಾನಲ್ ಡಿಸಿಆರ್ ಇರಬೇಕು, ಅಂದ್ರ ಒಳಗಿನ ಸೆಲ್ಲೂ ನಮ್ಮ ದೇಶದಾಗೇ ಆಗಿರಬೇಕು. ಹೊರಗಿನ ಸೆಲ್ಲಿನ ಪ್ಯಾನಲ್ ಸಸ್ತಾ ಬೀಳ್ತದ, ಸಬ್ಸಿಡಿ ಮಾತ್ರ ಬರಂಗಿಲ್ಲ. ಎಲ್ಲಾ ಪ್ಯಾನಲಿನ ಸೀರಿಯಲ್ ನಂಬರ್ ಬಿಲ್ಲಿನ ಮ್ಯಾಲ ಬರೆಸ್ಕೊಳ್ರಿ, ಮ್ಯಾಲ ಏರಿಸೋಕಿಂತ ಮೊದಲು ಫೋಟೋ ಹಿಡೀರಿ.

ಸಬ್ಸಿಡಿ ಬರೋದು ಎಲ್ಲಾ ಮುಗಿದ ಮ್ಯಾಲ, ನಿಮ್ಮ ಖಾತೆಗೆ. ವೆಂಡರ್‌ಗೆ ಪೂರ್ತಿ ರೊಕ್ಕ ಮೊದಲು ನೀವೇ ಹೊಂದಿಸಬೇಕು, ಇಲ್ಲಾ ಬ್ಯಾಂಕಿನ ಸಾಲ ತಗೋಬೇಕು. ಕಡೇ ಕಂತು ಮಾತ್ರ ಬಂದ ಕರೆಂಟ್, ಹೋದ ಕರೆಂಟ್ ಎರಡನ್ನೂ ಅಳಿಯೋ ನೆಟ್ ಮೀಟರ್ ಕುಂತು, ಅದರಾಗ ಹೊರಗ ಹೋದ ಯೂನಿಟ್ ಕಾಣಸಿದ ಮ್ಯಾಲ ಕೊಡ್ರಿ.