ರೋಗನಿರೋಧಕ ಶಕ್ತಿಯನ್ನು ತಡೆದು ನಿಲ್ಲಿಸುವ ಕೋಶಗಳು

ಎಲ್ಲರಿಗೂ ನಮಸ್ಕಾರ. ಮೆಡಿಕಲ್ ಕಾಲೇಜಿನ ಮಕ್ಕಳು ಬಂದಿದ್ದೀರಿ. ವೆಟರ್ನರಿ ಕಾಲೇಜಿನವರು ಹಿಂದಿನ ಸಾಲನ್ನೆಲ್ಲ ತುಂಬಿದ್ದೀರಿ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರುಗಳಿದ್ದೀರಿ, ಡೇರಿಗೆ ಹಾಲು ಹಾಕುವವರೂ ಇದ್ದೀರಿ. ಹಾಸನದಲ್ಲಿ ಮಾತಾಡೋಕೆ ನನಗೆ ಇದೇ ಖುಷಿ.

2025ರ ವೈದ್ಯಕೀಯ ನೊಬೆಲ್ ಬಗ್ಗೆ ಹೇಳಿ ಅಂದಿದ್ದಾರೆ. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ. ಹೆಸರು ಪೇಪರಿನಲ್ಲಿ ಓದಿದ್ದೀರಿ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಹೊಟ್ಟೆಯಲ್ಲಿರುವ ಒಂದು ಸಂಕಟ ಹೇಳಿಬಿಡುತ್ತೇನೆ.

ಕೊರೊನಾ ಬಂದು ಹೋದ ಮೇಲೆ ಯಾವ ಅಂಗಡಿಗೆ ಹೋದರೂ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಕಷಾಯ, ಮಾತ್ರೆ. ಶಕ್ತಿ ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ನನ್ನ ಹತ್ತಿರ ಬರುವ ಒಬ್ಬ ಹೆಣ್ಣುಮಗಳು ಹಸು ಕಟ್ಟಿಕೊಂಡು ಜೀವನ ಮಾಡುವವರು. ರುಮಟಾಯ್ಡ್ ಆರ್ಥ್ರೈಟಿಸ್. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಆಗಲ್ಲ. ಕೆಚ್ಚಲಿಗೆ ಕೈ ಹಾಕಿದರೆ ಹಿಡಿತ ಸಿಗಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತಿದ್ದು, ಬೆರಳು ಸಡಿಲ ಆದ ಮೇಲೆ ಹಾಲು ಕರೆಯಬೇಕು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಶುರುಮಾಡಿದ ಮೇಲೆ ಎಷ್ಟೋ ಸುಧಾರಿಸಿದ್ದರು. ಒಂದು ದಿನ ಗೆಣ್ಣುಗಳೆಲ್ಲ ಊದಿಕೊಂಡು ಬಂದರು. ಮಾತ್ರೆ ನಿಲ್ಲಿಸಿದ್ದರು. ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ‘ಆ ಮಾತ್ರೆ ಶಕ್ತಿ ತಗ್ಗಿಸ್ತದಂತೆ ಡಾಕ್ಟ್ರೇ, ಇದು ಶಕ್ತಿ ಜಾಸ್ತಿ ಮಾಡ್ತದಂತೆ’ ಅಂದರು.

ಅಮ್ಮಾ, ನಿಮಗೆ ಶಕ್ತಿ ಕಮ್ಮಿಯಾಗಿಲ್ಲ. ಕಾಯಬೇಕಾದ ಶಕ್ತಿಯೇ ನಿಮ್ಮ ಕೀಲಿನ ಮೇಲೆ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೇಲಿಗೆ ಇನ್ನಷ್ಟು ಗೊಬ್ಬರ ಹಾಕ್ತೀರಾ? ಹಾಗಂತ ಹೇಳಿ, ಅವರಿಗೆ ಅರ್ಥ ಆಗುವವರೆಗೂ ಕೂರಿಸಿಕೊಂಡೆ. ಇವತ್ತು ನಿಮಗೂ ಅದನ್ನೇ ಹೇಳೋಕೆ ಬಂದಿದ್ದೇನೆ. ಈ ಶಕ್ತಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದಿದ್ದರೆ ಅದೇ ಕಾಯಿಲೆ.

ಇದನ್ನು ಮೊದಲು ತೋರಿಸಿಕೊಟ್ಟಿದ್ದು ಯಾರು ಗೊತ್ತಾ? ಹಸುಗಳು. ಈ ಕತೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಆದರೂ ಕೇಳಿ.

ಹಸು ಅವಳಿ ಹಾಕೋದು ಅಪರೂಪ. ಒಂದು ಹೋರಿಗರು, ಒಂದು ಹೆಣ್ಣುಗರು ಹುಟ್ಟಿದರೆ ಆ ಹೆಣ್ಣುಗರು ಮುಂದೆ ಗಬ್ಬ ನಿಲ್ಲೋದು ಕಷ್ಟ, ಬಹುತೇಕ ಗೊಡ್ಡು. ಇಲ್ಲಿರುವ ಹಿರಿಯ ರೈತರಿಗೆ ಇದು ಗೊತ್ತು, ಅಲ್ವಾ? ನೋಡಿ, ತಲೆ ಆಡಿಸುತ್ತಿದ್ದಾರೆ. ಗರ್ಭದಲ್ಲಿ ಎರಡೂ ಕರುಗಳ ಮಾಸು ಒಂದಕ್ಕೊಂದು ಕೂಡಿಕೊಂಡು ರಕ್ತ ಬೆರೆಯುತ್ತದೆ. ಹೋರಿಗರುವಿನ ಹಾರ್ಮೋನು ಹೆಣ್ಣುಗರುವಿಗೂ ಹರಿಯುತ್ತದೆ. ಅದಕ್ಕೇ ಹಾಗೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವೆನ್ ಅಂತ ಒಬ್ಬರು ದನಗಳ ರಕ್ತದ ಗುಂಪು ನೋಡುತ್ತಿದ್ದರು. ಮೇರಿಲ್ಯಾಂಡ್‌ನಿಂದ ಒಂದು ವಿಚಿತ್ರ ಪ್ರಕರಣ ಬಂತು. ಗರ್ನ್‌ಸಿ ತಳಿಯ ಹಸು. ಅದೇ ತಳಿಯ ಹೋರಿ ಕೂಡಿದ ದಿನವೇ ಹೆರ್‌ಫರ್ಡ್ ಹೋರಿಯೂ ಕೂಡಿದೆ. ಅವಳಿ ಹುಟ್ಟಿದೆ, ಒಂದೊಂದು ಕರುವಿಗೆ ಒಂದೊಂದು ಅಪ್ಪ. ಓವೆನ್ ರಕ್ತ ಪರೀಕ್ಷೆ ಮಾಡಿದರೆ ಎರಡೂ ಕರುಗಳಲ್ಲಿ ಎರಡೂ ಹೋರಿಗಳ ಗುರುತಿದೆ! ಅಂದರೆ ಒಂದು ಕರುವಿನ ಮೈಯಲ್ಲಿ ಇನ್ನೊಂದರ ರಕ್ತಕೋಶ ಓಡಾಡುತ್ತಿದೆ. ಬೇರೆ ಅವಳಿಗಳಲ್ಲೂ ನೋಡಿದರು. ಬೆಳೆದು ದೊಡ್ಡದಾದ ಮೇಲೂ ಹಾಗೇ ಇದೆ. ಪರರ ಕೋಶ, ಆದರೂ ಮೈ ಅದನ್ನು ಓಡಿಸಿಲ್ಲ. 1945ರಲ್ಲಿ ಇದನ್ನು ಪ್ರಕಟಿಸಿದರು. ಹೆಚ್ಚು ಜನ ಗಮನ ಕೊಡಲಿಲ್ಲ.

ಇತ್ತ ಇಂಗ್ಲೆಂಡಿನಲ್ಲಿ ಚರ್ಮದ ಕಸಿ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಪೀಟರ್ ಮೆಡಾವರ್. 1948ರಲ್ಲಿ ಸ್ಟಾಕ್‌ಹೋಮ್‌ನ ಒಂದು ಸಮ್ಮೇಳನದಲ್ಲಿ ಇವರನ್ನು ಒಬ್ಬರು ಕೇಳಿದರು: ಅವಳಿ ಕರುಗಳು ತದ್ರೂಪಿಯೋ ಅಲ್ಲವೋ ಅಂತ ಹೇಗೆ ಕಂಡುಹಿಡಿಯೋದು? ಸುಲಭ, ಒಂದರ ಚರ್ಮ ಇನ್ನೊಂದಕ್ಕೆ ಕಸಿ ಮಾಡಿ, ತದ್ರೂಪಿ ಅಲ್ಲದಿದ್ದರೆ ಅಂಟಲ್ಲ ಅಂದರು ಮೆಡಾವರ್. ಆಮೇಲೆ ತಾವೇ ಫಾರ್ಮಿಗೆ ಹೋಗಿ ತಮ್ಮ ಜೊತೆಗಾರ ಬಿಲ್ಲಿಂಗ್‌ಹ್ಯಾಮ್ ಜೊತೆ ಸೇರಿ ಕಸಿ ಮಾಡಿ ನೋಡಿದರು. ಹೆಚ್ಚುಕಮ್ಮಿ ಎಲ್ಲವೂ ಅಂಟಿಕೊಂಡವು. ಹೋರಿಗರು, ಹೆಣ್ಣುಗರು ಜೋಡಿಯಲ್ಲೂ ಅಂಟಿತು. ಗಂಡು ಹೆಣ್ಣು ತದ್ರೂಪಿ ಆಗೋಕೆ ಸಾಧ್ಯವೇ ಇಲ್ಲವಲ್ಲ! ಆಗ ಓವೆನ್ ಬರೆದದ್ದರ ಬೆಲೆ ಗೊತ್ತಾಯಿತು. 1953ರಲ್ಲಿ ಮೆಡಾವರ್ ತಂಡ ಇಲಿಗಳಲ್ಲೂ ಇದನ್ನು ಮಾಡಿ ತೋರಿಸಿತು. 1960ರಲ್ಲಿ ಮೆಡಾವರ್ ಮತ್ತು ಆಸ್ಟ್ರೇಲಿಯಾದ ಬರ್ನೆಟ್ ಅವರಿಗೆ ನೊಬೆಲ್ ಬಂತು. ಓವೆನ್‌ಗೆ ಪಾಲಿಲ್ಲ. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ. ಹಿಂದಿನ ಸಾಲಿನವರೇ, ಕೊಟ್ಟಿಗೆಯಲ್ಲಿ ಕಂಡದ್ದನ್ನು ಬರೆದಿಡಿ.

ಅಂದರೆ ಸಹಿಸಿಕೊಳ್ಳೋದನ್ನು ಮೈ ಕಲಿಯುತ್ತದೆ. ಹೇಗೆ ಕಲಿಯುತ್ತದೆ? ಎದೆಗೂಡಿನಲ್ಲಿ ಥೈಮಸ್ ಅನ್ನೋ ಗ್ರಂಥಿ ಇದೆ. ಟಿ ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕೋಶಗಳು, ಬಲಿಯೋದು ಅಲ್ಲಿ. ನಮ್ಮದೇ ಅಂಗಾಂಶದ ಮೇಲೆ ಬೀಳುವಂಥವನ್ನು ಅಲ್ಲೇ ಕೊಂದುಹಾಕುತ್ತದೆ. ಇಷ್ಟೇ ಸಾಕು ಅಂತ ಬಹಳ ಜನ ನಂಬಿದ್ದರು. ಆದರೆ ಎಲ್ಲವೂ ಸಾಯಲ್ಲ. ತಪ್ಪಿಸಿಕೊಂಡವು ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಹಾಗಿದ್ದೂ ನಾವೆಲ್ಲ ಆರೋಗ್ಯವಾಗಿ ಇಲ್ಲಿ ಕೂತಿದ್ದೇವೆ.

1969ರಲ್ಲಿ ಜಪಾನಿನಲ್ಲಿ ನಿಶಿಝುಕಾ ಮತ್ತು ಸಕಾಕುರಾ ಅನ್ನುವವರು ಹುಟ್ಟಿದ 3ನೇ ದಿನಕ್ಕೆ ಇಲಿಮರಿಗಳ ಥೈಮಸ್ ತೆಗೆದರು. ಟಿ ಕೋಶ ಕಮ್ಮಿಯಾಗಿ ಇಲಿ ಸಪ್ಪಗಾಗಬೇಕು, ಅಲ್ವಾ? ಹೆಣ್ಣಿಲಿಗಳ ಅಂಡಾಶಯವೇ ನಾಶವಾಯಿತು. ರೋಗನಿರೋಧಕ ವ್ಯವಸ್ಥೆಯೇ ಅದನ್ನು ತಿಂದುಹಾಕಿತ್ತು. ಸಕಾಗುಚಿಯವರನ್ನು ಹಿಡಿದುಕೊಂಡಿದ್ದು ಇದೇ ಒಗಟು. ಆರೋಗ್ಯವಾಗಿರುವ ಇಲಿಯ ಟಿ ಕೋಶಗಳನ್ನು ಇಂಥ ಇಲಿಗಳಿಗೆ ಚುಚ್ಚಿದರು. ಕಾಯಿಲೆ ಬರಲಿಲ್ಲ! ಹಾಗಾದರೆ ಟಿ ಕೋಶಗಳಲ್ಲೇ ತಡೆಯುವ ಒಂದು ಗುಂಪಿದೆ.

ಆ ಕಾಲಕ್ಕೆ ಹಾಗೆ ಹೇಳೋಕೆ ಧೈರ್ಯ ಬೇಕಿತ್ತು. 1970ರ ದಶಕದಲ್ಲಿ ‘ಸಪ್ರೆಸರ್ ಟಿ ಕೋಶ’, ಅಂದರೆ ತಡೆಯುವ ಟಿ ಕೋಶ, ಅಂತ ದೊಡ್ಡ ಗದ್ದಲ ಎದ್ದಿತ್ತು. ಅದಕ್ಕೆ ಆಧಾರ ಅಂದುಕೊಂಡಿದ್ದ ಜೀನ್ ಅಲ್ಲಿ ಇಲ್ಲವೇ ಇಲ್ಲ ಅಂತ 1980ರ ದಶಕದಲ್ಲಿ ಗೊತ್ತಾಯಿತು. ಇಡೀ ವಿಷಯವೇ ಮೂಲೆಗೆ ಬಿತ್ತು. ಸಕಾಗುಚಿ ಬಿಡಲಿಲ್ಲ. 1995ರಲ್ಲಿ ಮೈಮೇಲೆ ಸಿಡಿ4 ಅನ್ನೋ ಗುರುತಿನ ಪ್ರೋಟೀನ್ ಜೊತೆಗೆ ಸಿಡಿ25 ಅನ್ನೋ ಇನ್ನೊಂದು ಪ್ರೋಟೀನ್ ಇರುವ ಟಿ ಕೋಶಗಳೇ ತಡೆಯುವವು ಅಂತ ತೋರಿಸಿದರು. ಇವೇ ರೆಗ್ಯುಲೇಟರಿ ಟಿ ಕೋಶಗಳು, ಚಿಕ್ಕದಾಗಿ ಟಿ-ರೆಗ್. ನಮ್ಮ ರಕ್ತದ ಸಿಡಿ4 ಟಿ ಕೋಶಗಳಲ್ಲಿ ಇವು ಸುಮಾರು ನೂರಕ್ಕೆ 5ರಿಂದ 10. ಅಷ್ಟೇ.

ಚೀಟಿ ಬಂತು, ಟೈಮ್ ಆಗುತ್ತಿದೆಯಂತೆ. ಬೇಗ ಹೇಳುತ್ತೇನೆ.

1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಮೈ ತುಂಬ ಹೊಟ್ಟು ಏಳುವ ಗಂಡಿಲಿಗಳು ಹುಟ್ಟಿದವು. ಗುಲ್ಮ ಊದಿ ಕೆಲವೇ ವಾರದಲ್ಲಿ ಸಾಯುತ್ತಿದ್ದವು. ಅವಕ್ಕೆ ಸ್ಕರ್ಫಿ ಅಂತ ಹೆಸರು. ದೋಷ ಎಕ್ಸ್ ಕ್ರೋಮೋಸೋಮಿನಲ್ಲಿ. ಬ್ರಂಕೋ, ರಾಮ್ಸ್‌ಡೆಲ್ ಹುಡುಕುತ್ತಾ ಹುಡುಕುತ್ತಾ 20 ಜೀನ್‌ಗಳಿಗೆ ಬಂದು ನಿಂತರು. ಒಂದೊಂದೇ ನೋಡಿದರು. ದೋಷ ಇದ್ದದ್ದು 20ನೆಯದರಲ್ಲಿ! 2001ರಲ್ಲಿ ಅದಕ್ಕೆ ಫಾಕ್ಸ್‌ಪಿ3 ಅಂತ ಹೆಸರಿಟ್ಟರು. ಅದೇ ಜೀನ್ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನೋ ಕಾಯಿಲೆ ಬರುತ್ತದೆ. ಕೂಸಿಗೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಚರ್ಮವೆಲ್ಲ ಕಜ್ಜಿ. ಸೋಂಕಿನಿಂದ ಶುರುವಾದದ್ದಲ್ಲ ಅದು. ತಡೆಯುವವರು ಇಲ್ಲದೆ ಆದದ್ದು. 2003ರಲ್ಲಿ ಎರಡೂ ಎಳೆ ಕೂಡಿದವು. ಟಿ-ರೆಗ್ ಕೋಶ ರೂಪುಗೊಳ್ಳೋಕೆ ಫಾಕ್ಸ್‌ಪಿ3 ಬೇಕೇ ಬೇಕು.

ಒಂದು ಮಾತು ಬಿಟ್ಟುಹೋಗಬಾರದು. ನೊಬೆಲ್ ಘೋಷಣೆ ಆದ ದಿನ ರಾಮ್ಸ್‌ಡೆಲ್ ಕಾಡುಬೆಟ್ಟದಲ್ಲಿ ಅಲೆಯುತ್ತಿದ್ದರು, ಫೋನು ಸಂಪರ್ಕದಲ್ಲಿ ಇರಲಿಲ್ಲ. ಜೊತೆಗಿದ್ದ ಹೆಂಡತಿ ಇದ್ದಕ್ಕಿದ್ದಂತೆ ಕಿರುಚಿಕೊಂಡರು. ಇವರು ಕರಡಿ ಬಂತು ಅಂದುಕೊಂಡರಂತೆ. ಸಕಲೇಶಪುರದ ಕಡೆ ಆಗಿದ್ದರೆ ಆನೆ ಅಂತ ಓಡಿಬಿಡುತ್ತಿದ್ದರು!

ಕ್ಯಾನ್ಸರ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅಂದುಕೊಂಡಿದ್ದೆ. ಎರಡೇ ಮಾತು. ಎಷ್ಟೋ ಗೆಡ್ಡೆಗಳು ಟಿ-ರೆಗ್ ಕೋಶಗಳನ್ನು ಸುತ್ತಲೂ ಸೇರಿಸಿಕೊಂಡು ಬಚಾವಾಗುತ್ತವೆ. ಅಲ್ಲಿ ಇವನ್ನು ತಗ್ಗಿಸಬೇಕು. ಟೈಪ್ 1 ಸಕ್ಕರೆ ಕಾಯಿಲೆ, ಅಂಗಾಂಗ ಕಸಿಯಂಥ ಕಡೆ ಹೆಚ್ಚಿಸಬೇಕು. ರೋಗಿಯದೇ ಟಿ-ರೆಗ್ ಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ವಾಪಸ್ ಕೊಡುವ ಪ್ರಯೋಗಗಳು ಮನುಷ್ಯರ ಮೇಲೆ ನಡೆಯುತ್ತಿವೆ. ಸಾಮಾನ್ಯ ಚಿಕಿತ್ಸೆಯಾಗಿ ನಮ್ಮ ಜಿಲ್ಲಾಸ್ಪತ್ರೆಗಳಿಗೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಇಂಥ ಕೀಲುನೋವಿಗೆ, ಮೈಯೇ ಮೈಮೇಲೆ ಬೀಳುವ ಇನ್ನೊಂದು ಕಾಯಿಲೆ ಲೂಪಸ್‌ಗೆ ಮಾತ್ರೆ ತಗೊಳ್ಳುತ್ತಿರುವವರು ಮನೆಯಲ್ಲಿದ್ದರೆ, ಡಬ್ಬಿ ಮೇಲಿನ ಬರಹ ಓದಿ ಮಾತ್ರೆ ನಿಲ್ಲಿಸೋಕೆ ಬಿಡಬೇಡಿ. ಡಬ್ಬಿಯನ್ನೂ ತಗೊಂಡು ಡಾಕ್ಟರ ಹತ್ತಿರ ಬನ್ನಿ.

ಪ್ರಶ್ನೆಗೆ ಸ್ವಲ್ಪ ಸಮಯ ಇದೆ ಅಂತಿದ್ದಾರೆ. ಅವಳಿ ಕರು ನೋಡಿದವರು ಯಾರಾದರೂ ಇದ್ದರೆ ಮೊದಲು ಅವರು ಮಾತಾಡಲಿ, ಮೈಕ್ ಅವರಿಗೆ ಕೊಡಿ.