ಬೆಲ್ಲ ಆದರೂ ಹಲ್ಲಿಗೆ ಅಷ್ಟೇ

ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವ ಅಪ್ಪಂದಿರೂ ಒಳಗೆ ಬನ್ನಿ, ಮಕ್ಕಳ ಹಲ್ಲಿನ ಹುಳುಕು ಹೆಂಗಸರಿಗಷ್ಟೇ ಹೇಳುವ ವಿಷಯ ಅಲ್ಲ.

1933ರಲ್ಲೇ ಸಕ್ಕರೆ ಕಾರ್ಖಾನೆ ಬಂದ ಊರು ನಮ್ಮ ಮಂಡ್ಯ. ಸುತ್ತ ಕಬ್ಬು, ಆಲೆಮನೆ. ಇಲ್ಲಿ ನಿಂತು ಮಕ್ಕಳಿಗೆ ಸಿಹಿ ಕೊಡಲೇಬೇಡಿ ಅಂದರೆ ಯಾರು ಕೇಳುತ್ತಾರೆ? ನಾನೂ ಹಾಗೆ ಹೇಳಲ್ಲ. ಮಗು ಎಷ್ಟು ಸಿಹಿ ತಿಂದಿತು ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿತು ಅಂತ ನೋಡಿ.

ಬಾಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಹೆಚ್ಚಿನವು ಸುಮ್ನೆ ಇರುತ್ತವೆ. ಹಲ್ಲು ಹುಳುಕಾಗುವುದರಲ್ಲಿ ದೊಡ್ಡ ಪಾಲು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅನ್ನುವುದರದ್ದು, 1924ರಲ್ಲೇ ಕ್ಲಾರ್ಕ್ ಎಂಬುವರು ಹುಳುಕು ಹಲ್ಲಿನಲ್ಲಿ ಇದನ್ನು ಗುರುತಿಸಿದ್ದರು. ಸಕ್ಕರೆ ಸಿಕ್ಕರೆ ಇದು ಎರಡು ಕೆಲಸ ಮಾಡುತ್ತದೆ. ಒಂದು, ಅಂಟು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು, ಆ ಅಂಟಿನ ಪದರದ ಒಳಗೇ ಕೂತು ಆಮ್ಲ ಬಿಡುತ್ತದೆ. ಅಲ್ಲಿನ ಪಿಎಚ್, ಅಂದರೆ ಹುಳಿಯ ಅಳತೆ (ಇಳಿದಷ್ಟೂ ಹುಳಿ ಜಾಸ್ತಿ), ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಕರಗಿ ಹೊರಗೆ ಬರುತ್ತದೆ. ಎಂಜಲು ಇದನ್ನೆಲ್ಲ ಸರಿಮಾಡುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಬೇಕು, ಅಷ್ಟರಲ್ಲಿ ಅಳುತ್ತಿದೆ ಅಂತ ಇನ್ನೊಂದು ಬಿಸ್ಕೆಟ್, ಆಮೇಲೆ ಪಕ್ಕದ ಮನೆಯವರು ಕೊಟ್ಟ ಚಾಕೊಲೇಟ್, ಹೀಗೆ ನಡೆಯುತ್ತಿದ್ದರೆ ಹಲ್ಲು ಚೇತರಿಸಿಕೊಳ್ಳುವುದು ಯಾವಾಗ? ಊಟದ ಜೊತೆಗೇ ಒಂದು ಹೋಳಿಗೆ ಕೊಟ್ಟುಬಿಡಿ, ಅದೇ ವಾಸಿ.

ಸಕ್ಕರೆ ಬಿಟ್ಟು ಬೆಲ್ಲ ಹಾಕುತ್ತೇವೆ ಅನ್ನುವವರು ತುಂಬಾ ಜನ. ಬೆಲ್ಲದಲ್ಲೂ ಬಹುಪಾಲು ಅದೇ ಸುಕ್ರೋಸ್, ಅಂದರೆ ಸಕ್ಕರೆಯೇ, ಬ್ಯಾಕ್ಟೀರಿಯಾಗೆ ಭೇದವಿಲ್ಲ. ರಾಗಿ ಸರಿಗೆ ಮೊದಲಿಂದಲೂ ಸಿಹಿ ಹಾಕದಿದ್ದರೆ ಮಗು ಹಾಗೇ ತಿನ್ನುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿ ಬಾಟಲಿ, ಅದರಲ್ಲೂ ಸಕ್ಕರೆ ಹಾಕಿದ ಹಾಲು. ನಿದ್ದೆಯಲ್ಲಿ ಎಂಜಲು ಕಡಿಮೆ. ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಹಲ್ಲುಗಳಿಗೆ ನಾಲಿಗೆ ಅಡ್ಡ ಇರುವುದರಿಂದ ಅವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಮಗುವಿನ ಮೇಲಿನ ತುಟಿ ಎತ್ತಿ ನೋಡಿ. ವಸಡಿನ ಅಂಚಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಆಗಲೇ ಡಾಕ್ಟರ ಹತ್ತಿರ ಹೋಗಿ, ಆ ಹಂತದಲ್ಲಿ ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್‌ನಿಂದ ತಡೆಯಬಹುದು. ತೂತು ಬಿದ್ದ ಮೇಲೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಈ ಬ್ಯಾಕ್ಟೀರಿಯಾ ಮಗುವಿಗೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ನಮ್ಮಿಂದಲೇ, ಅದರಲ್ಲೂ ತಾಯಿಯ ಎಂಜಲಿನಿಂದ. ರುಚಿ ನೋಡಿದ ಚಮಚ, ಅಜ್ಜಿ ಅಗಿದು ಕೊಟ್ಟ ತುತ್ತು. ಮುತ್ತು ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ, ಅಜ್ಜಿಯಂದಿರು ಕೋಪ ಮಾಡಿಕೊಳ್ಳಬೇಡಿ! ನಿಮ್ಮ ಬಾಯಲ್ಲಿರುವ ಹುಳುಕು ಹಲ್ಲಿಗೆ ಮೊದಲು ಚಿಕಿತ್ಸೆ ಮಾಡಿಸಿಕೊಳ್ಳಿ.

ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ ಅಂತೀರಿ ಅಲ್ವಾ? ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ಸರಿ. ದವಡೆ ಹಲ್ಲು 10ರಿಂದ 12 ವರ್ಷದವರೆಗೂ ಇರಬೇಕು. ಅವುಗಳ ಎನಾಮಲ್ ತೆಳು, ಹುಳುಕು ಬೇಗ ನರಕ್ಕೆ ಮುಟ್ಟುತ್ತದೆ. ಆಮೇಲೆ ಮಗು ಊಟವನ್ನೇ ಬಿಡುತ್ತದೆ.

ಮೊದಲ ಹಲ್ಲು ಕಂಡ ದಿನದಿಂದಲೇ ಬ್ರಷ್ ಶುರು ಮಾಡಿ. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ದಿನಕ್ಕೆ ಎರಡು ಸಲ ನೀವೇ ಉಜ್ಜಿ. ರಾತ್ರಿ ಉಜ್ಜಿದ ಮೇಲೆ ಬರೀ ನೀರು. ಬಾಟಲಿ ಇಲ್ಲದೆ ಮಲಗುವುದಿಲ್ಲ ಅಂದರೆ, ಮಗುವಿಗೆ ಒಂದು ವರ್ಷ ದಾಟಿದ್ದರೆ, ಆ ರಾತ್ರಿ ಬಾಟಲಿಯ ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡುತ್ತಾ ಬನ್ನಿ, ಕೊನೆಗೆ ಬರೀ ನೀರಾದಾಗ ಎಷ್ಟೋ ಮಕ್ಕಳು ತಾವೇ ಬಿಟ್ಟುಬಿಡುತ್ತವೆ. ಎರಡು ರಾತ್ರಿ ಅಳಬಹುದು.

ಈಗ ಟಾರ್ಚ್ ತಂದಿದ್ದೇನೆ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದುಕೊಂಡು ಬನ್ನಿ.