ಸಮವಸ್ತ್ರ ಒಂದೇ, ಪಂಕ್ತಿ ಬೇರೆ

ಗೆಳೆಯರೇ, ಯುದ್ಧದ ಮಾತನ್ನು ರಕ್ತದಿಂದಲೇ ಆರಂಭಿಸುತ್ತೇನೆ. ರಣರಂಗದಲ್ಲಿ ಚೆಲ್ಲಿದ ರಕ್ತವಲ್ಲ, ಸೀಸೆಯಲ್ಲಿ ತುಂಬಿಟ್ಟ ರಕ್ತ.

1941ರ ಕೊನೆಯಲ್ಲಿ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದಾಗ ಅಲ್ಲಿನ ರೆಡ್ ಕ್ರಾಸ್ ಗಾಯಾಳು ಸೈನಿಕರಿಗಾಗಿ ರಕ್ತ ಸಂಗ್ರಹಿಸುತ್ತಿತ್ತು. ಕಪ್ಪು ಜನರು ಕೊಡಲು ಬಂದರೆ ಬೇಡ ಎಂದಿತು. ಪ್ರತಿಭಟನೆ ಜೋರಾದ ಮೇಲೆ, 1942ರ ಜನವರಿಯಲ್ಲಿ, ತೆಗೆದುಕೊಳ್ಳುತ್ತೇವೆ, ಆದರೆ ಬೇರೆ ಇಡುತ್ತೇವೆ ಎಂದಿತು. ವಿಜ್ಞಾನದಲ್ಲಿ ಇದಕ್ಕೆ ಕಿಂಚಿತ್ತೂ ಆಧಾರವಿರಲಿಲ್ಲ. ರಕ್ತದ ಪ್ಲಾಸ್ಮಾವನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ವೈದ್ಯ ಚಾರ್ಲ್ಸ್ ಡ್ರೂ ಅವರೇ ಕಪ್ಪು ವರ್ಣದವರು. ಮಡಿ ಮೈಲಿಗೆ ಕಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಸೆಗೂ ಪಂಕ್ತಿಭೇದ, ಅಷ್ಟೇ.

ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಅಮೆರಿಕನ್ನರು ಸಮವಸ್ತ್ರ ಧರಿಸಿದರು. ಅವರ ತುಕಡಿ ಬೇರೆ, ಬಿಡಾರ ಬೇರೆ, ಊಟದ ಮನೆ ಬೇರೆ. ಮೇಲಧಿಕಾರಿಗಳು ಮಾತ್ರ ಬಹುತೇಕ ಬಿಳಿಯರು. 1925ರಲ್ಲಿ ಸೇನೆಯ ಉನ್ನತ ತರಬೇತಿ ಕಾಲೇಜೊಂದು ಸಿದ್ಧಪಡಿಸಿದ ವರದಿ, ಕಪ್ಪು ಮನುಷ್ಯ ಅಂಜುಬುರುಕ, ಬುದ್ಧಿ ಕಡಿಮೆ, ನಾಯಕತ್ವಕ್ಕೆ ಲಾಯಕ್ಕಲ್ಲ ಎಂದು ಷರಾ ಬರೆದಿತ್ತು. ಆ ಷರಾದ ಪ್ರಕಾರ ಅವರಲ್ಲಿ ಬಹುಪಾಲು ಜನರಿಗೆ ಸಿಕ್ಕಿದ್ದು ಸನಿಕೆ, ಸೌಟು, ಮೂಟೆ, ಲಾರಿ.

ಟಸ್ಕೆಗಿಯಲ್ಲಿ ತರಬೇತಾದ ಕಪ್ಪು ಯುದ್ಧವಿಮಾನ ಚಾಲಕರ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕಪ್ಪು ಸೈನಿಕರದೇ ಆದ 761ನೇ ಟ್ಯಾಂಕ್ ಬೆಟಾಲಿಯನ್ನಿನ ಹೆಸರೂ ಕಿವಿಗೆ ಬಿದ್ದಿರಬಹುದು. ಅವರ ಸಾಹಸ ದೊಡ್ಡದೇ. ಆದರೆ ಇವತ್ತು ನಾನು ಮಾತನಾಡಲು ಹೊರಟಿರುವುದು ಲಾರಿಯವರ ಬಗ್ಗೆ, ಟಪಾಲಿನವರ ಬಗ್ಗೆ. ಶೌರ್ಯದ ಕಥೆಗಳನ್ನೇ ಹೇಳುತ್ತ ಹೋದರೆ ಷರಾ ಬರೆದವರ ಲೆಕ್ಕವನ್ನೇ ಒಪ್ಪಿಕೊಂಡಂತಾಗುತ್ತದೆ ಎಂಬುದು ನನ್ನ ಅನಿಸಿಕೆ: ಬಂದೂಕು ಹಿಡಿದವನು ಮಾತ್ರ ಸೈನಿಕ, ಉಳಿದವರು ಆಳುಗಳು ಎಂಬ ಲೆಕ್ಕ.

1944ರ ಆಗಸ್ಟ್. ನಾರ್ಮಂಡಿಯ ದಡದಲ್ಲಿ ಇಳಿದ ಸೇನೆ ಜರ್ಮನ್ನರ ಸಾಲು ಭೇದಿಸಿ ಫ್ರಾನ್ಸಿನ ಒಳಗೆ ನುಗ್ಗಿದೆ. ಜನರಲ್ ಪ್ಯಾಟನ್ ಅವರ ಟ್ಯಾಂಕುಗಳು ಎಷ್ಟು ವೇಗವಾಗಿ ಓಡಿದವು ಎಂದರೆ ಪೆಟ್ರೋಲು ಹಿಂದೆಯೇ ಉಳಿಯಿತು. ರೈಲಿನಲ್ಲಿ ಕಳುಹಿಸೋಣವೆಂದರೆ ಹಳಿಗಳು, ಸೇತುವೆಗಳು ಪುಡಿಯಾಗಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಪುಡಿ ಮಾಡಿದ್ದು ಮಿತ್ರಪಕ್ಷದ ಬಾಂಬುಗಳೇ. ಉಳಿದದ್ದು ಲಾರಿ ಒಂದೇ. ಆಗಸ್ಟ್ 25ರಂದು ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ ಲಾರಿ ಸಾಗಾಟ ಶುರುವಾಯಿತು. ಹೋಗಲು ಒಂದು ರಸ್ತೆ, ಬರಲು ಇನ್ನೊಂದು. ಊರಿನವರ ವಾಹನಗಳಿಗೆ ಪ್ರವೇಶವಿಲ್ಲ. ದಾರಿಯುದ್ದಕ್ಕೂ ಕೆಂಪು ವೃತ್ತದ ಫಲಕಗಳು. ಚಾಲಕರಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು.

ಆ ಲಾರಿಯ ಒಳಗೊಮ್ಮೆ ಇಣುಕೋಣ. ಎರಡೂವರೆ ಟನ್ ಹೊರಲು ಮಾಡಿದ ಗಾಡಿ, ಆದರೆ ಹೇರಿದ್ದು ಹಲವು ಸಲ ಅದರ ಎರಡರಷ್ಟು. ಹಿಂದೆ ಪೆಟ್ರೋಲ್ ಡಬ್ಬಗಳು ಇಲ್ಲವೇ ಫಿರಂಗಿಯ ಗುಂಡುಗಳು. ಎರಡಕ್ಕೂ ಒಂದು ಕಿಡಿ ಸಾಕು. ರಣರಂಗ ಹತ್ತಿರವಾದಂತೆ ರಾತ್ರಿ ದೊಡ್ಡ ದೀಪ ಹಾಕುವಂತಿಲ್ಲ. ಬೆಕ್ಕಿನ ಕಣ್ಣಿನಂಥ ಸೀಳುಗಿಂಡಿಯ ಬೆಳಕು ಮಾತ್ರ, ಮುಂದಿನ ಲಾರಿಯ ಬಾಲದ ಚುಕ್ಕಿಯೇ ದಾರಿ. ಗಂಟೆಗೆ 25 ಮೈಲಿ ಮೀರಬಾರದು ಎಂದು ಕಟ್ಟಪ್ಪಣೆ ಇತ್ತು. ವೇಗ ಮೀರದಂತೆ ಎಂಜಿನ್ನಿಗೆ ಒಂದು ತಡೆಯನ್ನೂ ಕೂರಿಸಿದ್ದರು. ಚಾಲಕರು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ತಪಾಸಣೆ ಬಂದರೆ ಮತ್ತೆ ಕೂರಿಸಿದರು. ಊಟದ ಡಬ್ಬಿಯನ್ನು ಬಿಸಿ ಎಂಜಿನ್ನಿನ ಮೇಲೆ ಇಟ್ಟು ಕಾಯಿಸಿಕೊಂಡರು. ನಿದ್ದೆ ತೂಗಿದಾಗ, ಲಾರಿ ನಿಲ್ಲಿಸದೆಯೇ ಪಕ್ಕದವನೊಂದಿಗೆ ಜಾಗ ಬದಲಿಸಿಕೊಂಡವರೂ ಇದ್ದರು. ನವೆಂಬರ್ 16ಕ್ಕೆ ಈ ಸಾಗಾಟ ನಿಂತಾಗ ನಾಲ್ಕು ಲಕ್ಷ ಟನ್ನಿಗೂ ಮಿಕ್ಕಿ ಸಾಮಗ್ರಿ ಮುಂದಕ್ಕೆ ತಲುಪಿತ್ತು. ಅಡುಗೆ ಇವರದು, ಬಡಿಸಿದ್ದು ಇವರು, ಪಂಕ್ತಿಯಲ್ಲಿ ಮಾತ್ರ ಎಲೆ ಇಲ್ಲ.

ಇನ್ನು ಟಪಾಲು. 1945ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ 6888ನೇ ಅಂಚೆ ಬೆಟಾಲಿಯನ್ ಬಂದಿಳಿಯಿತು. ಒಟ್ಟು 855 ಮಂದಿ, ಎಲ್ಲರೂ ಮಹಿಳೆಯರು, ಬಹುತೇಕ ಎಲ್ಲರೂ ಕಪ್ಪು ವರ್ಣದವರು. ಮುಖ್ಯಸ್ಥೆ ಮೇಜರ್ ಚಾರಿಟಿ ಆ್ಯಡಮ್ಸ್, ಇಪ್ಪತ್ತಾರರ ಹರೆಯ. ಅವರಿಗಾಗಿ ಕಾದಿದ್ದು ಸೂರಿನವರೆಗೆ ಪೇರಿಸಿದ ಚೀಲಗಳು, ತಲುಪದೆ ಕೊಳೆಯುತ್ತಿದ್ದ ಲಕ್ಷಗಟ್ಟಲೆ ಪತ್ರಗಳು. ಶತ್ರುವಿನ ವಿಮಾನಗಳಿಗೆ ಕಾಣದಿರಲೆಂದು ಕಿಟಕಿಗಳಿಗೆ ಕಪ್ಪು ಬಳಿಯಲಾಗಿತ್ತು. ಮನೆಯಿಂದ ಕಳುಹಿಸಿದ್ದ ಕೇಕುಗಳ ಪೊಟ್ಟಣಗಳನ್ನು ಇಲಿಗಳು ಕೊರೆದಿದ್ದವು. ವಿಳಾಸಗಳೋ, ಕೇಳಬೇಡಿ. ‘ಜೂನಿಯರ್, ಅಮೆರಿಕ ಸೇನೆ’ ಎಂದಷ್ಟೇ ಬರೆದವು ಕೆಲವು. ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಸುಮಾರು 7,500 ಮಂದಿ. ಆ ಹೆಂಗಸರು ಸೈನಿಕರ ವಿವರ ಬರೆದ ಚೀಟಿಗಳನ್ನು ಹೊಂದಿಸಿ, ಅವರವರ ಕ್ರಮಸಂಖ್ಯೆ ಹಿಡಿದು, ಮೂರು ಪಾಳಿಯಲ್ಲಿ ಹಗಲಿರುಳು ವಿಂಗಡಿಸಿದರು. ಆರು ತಿಂಗಳು ಬೇಕೆಂದು ಅಂದಾಜಿಸಿದ್ದ ಕೆಲಸ ಮೂರೇ ತಿಂಗಳಲ್ಲಿ ಮುಗಿಯಿತು. ಪತ್ರ ಪಡೆದವರಲ್ಲಿ ಹೆಚ್ಚಿನವರು ಬಿಳಿಯ ಸೈನಿಕರು ಎಂಬುದನ್ನು ಮರೆಯಬೇಡಿ. ತಪಾಸಣೆಗೆ ಬಂದ ಜನರಲ್ ಒಬ್ಬ, ಹೇಗೆ ನಡೆಸಬೇಕೆಂದು ತೋರಿಸಲು ಬಿಳಿಯ ಲೆಫ್ಟಿನೆಂಟ್ ಒಬ್ಬನನ್ನು ಕಳುಹಿಸುತ್ತೇನೆ ಎಂದಾಗ, ನನ್ನ ಹೆಣದ ಮೇಲೆಯೇ ಅದು ನಡೆಯಬೇಕು ಸರ್ ಎಂದು ಆ್ಯಡಮ್ಸ್ ಮುಖಕ್ಕೆ ಹೇಳಿದರು. ಜನರಲ್ ಕೋರ್ಟ್ ಮಾರ್ಷಲ್ ಬೆದರಿಕೆ ಹಾಕಿದ, ಅದು ನಡೆಯಲಿಲ್ಲ.

ನಮ್ಮ ದೇಶಕ್ಕೂ ಈ ಪಂಕ್ತಿಭೇದ ಹಡಗೇರಿ ಬಂದಿತ್ತು. ಅಸ್ಸಾಮಿನ ಲೇಡೊದಿಂದ ಬರ್ಮಾದ ಕಾಡು ಸೀಳಿ ಚೀನಾ ಮುಟ್ಟುವ ರಸ್ತೆ ಕಡಿದ ಸುಮಾರು 15,000 ಅಮೆರಿಕನ್ ಸೈನಿಕರಲ್ಲಿ ಅರ್ಧಕ್ಕೂ ಹೆಚ್ಚಿನವರು ಕಪ್ಪು ವರ್ಣದವರು. ಮಳೆ, ಮಲೇರಿಯಾ, ಜಿಗಣೆ, ಕುಸಿಯುವ ಗುಡ್ಡ. ರಜೆಗೆ ಕಲ್ಕತ್ತಾಕ್ಕೆ ಬಂದರೆ ಅಲ್ಲೂ ಅವರಿಗೆ ಬೇರೆಯೇ ವಿಶ್ರಾಂತಿ ಶಿಬಿರ. ಬ್ರಿಟಿಷ್ ಭಾರತದ ಸೇನೆಯಲ್ಲಿಯೂ ಯಾವ ಜಾತಿ ಕಾದಾಟಕ್ಕೆ ಯೋಗ್ಯ ಎಂದು ದಾಖಲೆ ಪುಸ್ತಕ ಹೇಳುತ್ತಿದ್ದ ಕಾಲ ಅದು. ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗ ಅಂಬೇಡ್ಕರ್ ಮಹಾರರ ಸೇನಾ ಭರ್ತಿಗಾಗಿ ಹೋರಾಡಿದ್ದು, 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ನಿಮಗೆ ಗೊತ್ತಿದೆ. 1946ರಲ್ಲಿ ಅವರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ಕಪ್ಪು ಅಮೆರಿಕನ್ನರ ಸ್ಥಿತಿಗಳ ಹೋಲಿಕೆಯನ್ನು ಪ್ರಸ್ತಾಪಿಸಿದ್ದು ಸುಮ್ಮನೆ ಅಲ್ಲ.

1944ರ ಡಿಸೆಂಬರಿನಲ್ಲಿ ಜರ್ಮನ್ನರು ಆರ್ಡೆನ್ನೆಸ್ ಕಾಡಿನಲ್ಲಿ ತಿರುಗಿಬಿದ್ದರು. ಕಾಲಾಳುಗಳ ಕೊರತೆ ಕುತ್ತಿಗೆಗೆ ಬಂತು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಆಗ ಸೇನೆಗೆ ತನ್ನ ಲಾರಿ ಚಾಲಕರು ನೆನಪಾದರು. ಮುಂಚೂಣಿಗೆ ಹೋಗಲು ಇಷ್ಟವಿದ್ದ ಕಪ್ಪು ಸೈನಿಕರು ಹೆಸರು ಕೊಡಬಹುದು ಎಂದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮುಂದೆ ಬಂದರು. ಅದರಲ್ಲಿ ಸುಮಾರು ಅರ್ಧದಷ್ಟು ಜನರನ್ನು ತೆಗೆದುಕೊಂಡರು. ಒಂದು ಷರತ್ತಿತ್ತು. ಸಾರ್ಜೆಂಟ್ ಆಗಿದ್ದವನು ತೋಳಿನ ಪಟ್ಟಿ ಬಿಚ್ಚಿ ಸಾಮಾನ್ಯ ಸಿಪಾಯಿಯಾಗಬೇಕು, ಬಿಳಿಯನ ಮೇಲೆ ಕಪ್ಪು ಸಾರ್ಜೆಂಟ್ ಅಧಿಕಾರ ನಡೆಸುವಂತಾಗಬಾರದು. ಗುಂಡಿಗೆ ಎದೆ ಕೊಡಲು ಹಿಂಬಡ್ತಿ! ಹಲವರು ಪಟ್ಟಿ ಬಿಚ್ಚಿಟ್ಟೇ ಹೋದರು. ಜೊತೆಯಲ್ಲಿ ಹೋರಾಡಿದ ಬಿಳಿಯರಲ್ಲಿ ಬಹಳ ಮಂದಿ ಇವರ ಬಗ್ಗೆ ತಮ್ಮ ಅಭಿಪ್ರಾಯ ಬದಲಾಯಿತು ಎಂದು ಸೇನೆಯದೇ ಸಮೀಕ್ಷೆಯಲ್ಲಿ ಹೇಳಿದರು. ಯುದ್ಧ ಮುಗಿದ ಮೇಲೆ ಮತ್ತೆ ಬೇರ್ಪಡಿಸಲಾಯಿತು.

1946ರ ಫೆಬ್ರವರಿ 12ರಂದು ಸಾರ್ಜೆಂಟ್ ಐಸಾಕ್ ವುಡಾರ್ಡ್ ಜಾರ್ಜಿಯಾದಲ್ಲಿ ಸೇನೆಯಿಂದ ಬಿಡುಗಡೆ ಹೊಂದಿ, ಅದೇ ಸಮವಸ್ತ್ರದಲ್ಲಿ ಊರಿನ ಬಸ್ ಹತ್ತಿದರು. ಶೌಚಕ್ಕೆ ಇಳಿಯಬೇಕೆಂದು ಕೇಳಿದ್ದಕ್ಕೆ ಚಾಲಕನೊಂದಿಗೆ ಮಾತಿಗೆ ಮಾತು ಬೆಳೆಯಿತು. ದಕ್ಷಿಣ ಕ್ಯಾರೊಲಿನಾದ ಬೇಟ್ಸ್‌ಬರ್ಗ್‌ನಲ್ಲಿ ಪೊಲೀಸರು ಅವರನ್ನು ಇಳಿಸಿಕೊಂಡರು. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದ ಹೊಡೆತಕ್ಕೆ ವುಡಾರ್ಡ್ ಅವರ ಎರಡೂ ಕಣ್ಣು ಹೋದವು. ಬರೀ ಬಿಳಿಯರಿದ್ದ ಜ್ಯೂರಿ ಅರ್ಧ ಗಂಟೆಯೊಳಗೆ ಅವನನ್ನು ನಿರ್ದೋಷಿ ಎಂದಿತು. ವುಡಾರ್ಡ್ ಕಣ್ಣು ಕಳೆದುಕೊಂಡ ಸುದ್ದಿ ಕೇಳಿ ಅಧ್ಯಕ್ಷ ಟ್ರೂಮನ್ ಕಂಗಾಲಾಗಿದ್ದರು. 1948ರ ಜುಲೈ 26ರಂದು ಅವರು ಸಹಿ ಹಾಕಿದ 9981ನೇ ಆದೇಶದ ಹಿಂದೆ ಈ ಘಟನೆಯ ಪಾಲು ದೊಡ್ಡದು. ಸೇನೆಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಎನ್ನುವ ಆ ಆದೇಶವನ್ನು ಸೇನಾಧಿಕಾರಿಗಳು ಎಳೆದಾಡಿದರು. ಕೊರಿಯಾ ಯುದ್ಧದಲ್ಲಿ ಮತ್ತೆ ಜನ ಸಾಲದೇ ಹೋದಾಗಲೇ ಅದು ನಿಜವಾಗಿ ಜಾರಿಯಾದದ್ದು. ಕೊನೆಯ ಪ್ರತ್ಯೇಕ ತುಕಡಿ ರದ್ದಾದದ್ದು 1954ರಲ್ಲಿ.

ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಎರಡನೆಯ ಮಹಾಯುದ್ಧಕ್ಕಾಗಿ ನಾನೂರಕ್ಕೂ ಹೆಚ್ಚು ಮಂದಿಗೆ ಸಿಕ್ಕಿತ್ತು. ಅವರಲ್ಲಿ ಕಪ್ಪು ಸೈನಿಕ ಒಬ್ಬನೂ ಇರಲಿಲ್ಲ. 1997ರ ಜನವರಿಯಲ್ಲಿ ಕ್ಲಿಂಟನ್ ಸರ್ಕಾರ ಏಳು ಜನರಿಗೆ ಅದನ್ನು ಕೊಟ್ಟಿತು. ವೈಟ್ ಹೌಸಿಗೆ ಬಂದು ತಾವೇ ಪದಕ ಪಡೆಯಲು ಬದುಕಿದ್ದವರು ಒಬ್ಬರೇ, ಇಟಲಿಯಲ್ಲಿ ಕಾದಾಡಿದ್ದ ವರ್ನನ್ ಬೇಕರ್. ಆಗ ಅವರಿಗೆ 77 ವರ್ಷ.